ಕಿಲೋಮೀಟರ್ ಬರೆಯದ ಕೈಪಿಡಿ

ಲಡಾಖ್‌ನ ಟ್ರೇಲ್ ಓಟದ ಹಾದಿಗಳಿಗೆ ನಾನು ಕನ್ನಡದಲ್ಲಿ ಸಿದ್ಧಪಡಿಸಿದ ಕೈಪಿಡಿಯಲ್ಲಿ ಎಲ್ಲಿಯೂ ಕಿಲೋಮೀಟರ್ ಲೆಕ್ಕವಿಲ್ಲ. ಹೀಗೆ ಮಾಡುತ್ತೇನೆಂದು ಮೊದಲು ಹೇಳಿದಾಗ ನನ್ನೊಡನೆ ಓಡುವ ಗೆಳೆಯರು ನಕ್ಕರು. ಕರಡು ತಿದ್ದಿಕೊಟ್ಟ ಹಿರಿಯರೊಬ್ಬರು, ದೂರ ಹೇಳದ ದಾರಿಪುಸ್ತಕವೆಂದರೆ ಅಳತೆ ಹೇಳದ ಅಡುಗೆ ಪುಸ್ತಕವಿದ್ದಂತೆ ಎಂದರು. ಮುದ್ರಕರು ಮಾತ್ರ ಏನೂ ಅನ್ನದೆ ಮುಂಗಡ ಕೇಳಿದರು. ಕಳೆದ ಬೇಸಿಗೆಯಲ್ಲಿ ಮಾರ್ಖಾ ಕಣಿವೆಯನ್ನು ಹಿಂದೆಂದೂ ಕಾಣದ ಇಬ್ಬರು ಓಟಗಾರರು ಪುಸ್ತಕವೊಂದನ್ನೇ ನಂಬಿ ಹಂಕರ್‌ನಿಂದ ಹೊರಟು, 5,200 ಮೀಟರ್ ಮೀರಿದ ಕೊಂಗ್‌ಮರು ಲಾ ಎಂಬ ಕಣಿವೆಬಾಗಿಲನ್ನು ದಾಟಿ, ಲೆಕ್ಕ ಹಾಕಿಕೊಂಡಿದ್ದ ಸಮಯಕ್ಕಿಂತ ಹನ್ನೆರಡು ನಿಮಿಷವಷ್ಟೇ ತಡವಾಗಿ ಶಾಂಗ್ ಸುಮ್ದೊ ತಲುಪಿದರು. ಆದ್ದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಮೊದಲ ಎರಡು ಹಂಗಾಮುಗಳನ್ನು ನಾನೂ ಎಲ್ಲರಂತೆ ದೂರ ಮತ್ತು ಏರಿಕೆಯ ಅಂಕಿಗಳ ಹಿಂದೆಯೇ ಕಳೆದೆ. ಕೊಂಗ್‌ಮರು ಲಾದಿಂದ ಇಳಿಯುವ ದಾರಿ ಕಿರಿದಾದ ಕೊರಕಲಿನೊಳಗೆ ಹೊಳೆಯನ್ನು ಮತ್ತೆ ಮತ್ತೆ ದಾಟುತ್ತ ಸಾಗುತ್ತದೆ. ಅಲ್ಲಿ ಉಪಗ್ರಹದ ಸಂಕೇತ ಬಂಡೆಗೆ ಬಡಿದು ಗಡಿಯಾರ ತಲುಪುವುದರಿಂದ, ದಾಖಲಾದ ಗೆರೆ ಒಮ್ಮೆ ಎಡಗೋಡೆಯ ಮೇಲೆ, ಒಮ್ಮೆ ಬಲಗೋಡೆಯ ಮೇಲೆ ಕುಣಿದಿತ್ತು. ಆ ಗೆರೆಯನ್ನು ಮನೆಗೆ ತಂದು ನೆಲವನ್ನು 30 ಮೀಟರ್ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಒಂದೊಂದು ಎತ್ತರ ಕೊಡುವ ದತ್ತಾಂಶದ ಮೇಲೆ ಕೂರಿಸಿದಾಗ, ನಾನು ಹತ್ತದ ಗೋಡೆಗಳೆಲ್ಲ ನನ್ನ ಏರಿಕೆಯ ಲೆಕ್ಕಕ್ಕೆ ಸೇರಿಕೊಂಡವು. ನೆನಪಿನಿಂದ ಹೇಳುವುದಾದರೆ, ಹಂಕರ್‌ನಿಂದ ಶಾಂಗ್ ಸುಮ್ದೊವರೆಗಿನ ಒಂದೇ ಓಟಕ್ಕೆ ಒಂದು ಗಡಿಯಾರ 1,250 ಮೀಟರ್, ಇನ್ನೊಂದು 1,600, ಕಂಪ್ಯೂಟರ್ 2,100 ಮೀಟರ್ ಏರಿಕೆ ತೋರಿಸಿತ್ತು. ಗಾಳಿಯ ಒತ್ತಡದಿಂದ ಅಳೆಯುವ ಗಡಿಯಾರವೇ ಇವುಗಳಲ್ಲಿ ಮೇಲು. ಆದರೆ ಮಧ್ಯಾಹ್ನ ಮೋಡ ಕಟ್ಟಿ ಒತ್ತಡ ಇಳಿದರೆ ಅದು ನಿಂತಲ್ಲೇ ಬೆಟ್ಟ ಹತ್ತತೊಡಗುತ್ತದೆ.

ಅಂಕಿಗಳನ್ನು ಹೇಗೋ ತಿದ್ದಿದ ಮೇಲೂ ಕೆಲಸವಾಗಲಿಲ್ಲ. ಗಂಟೆಗೆ ಸುಮಾರು 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂಬ 1892ರ ನೈಸ್ಮಿತ್ ಸೂತ್ರವಾಗಲಿ, 100 ಮೀಟರ್ ಏರಿಕೆಯನ್ನು ಒಂದು ಕಿಲೋಮೀಟರ್ ಎಂದು ಎಣಿಸುವ ಇಂದಿನ ಓಟಗಾರರ ಲೆಕ್ಕವಾಗಲಿ, ಎತ್ತರಕ್ಕೆ ಹೋದ ಮನುಷ್ಯ ಬಯಲಿನಲ್ಲಿದ್ದ ಮನುಷ್ಯನೇ ಎಂದು ನಂಬಿಕೊಂಡಿವೆ. 1,500 ಮೀಟರ್‌ಗಿಂತ ಮೇಲೆ ಪ್ರತಿ 100 ಮೀಟರ್‌ಗೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಸುಮಾರು ಶೇಕಡಾ 1ರಷ್ಟು ಕುಸಿಯುತ್ತದೆಂಬುದು ನಮಗೆಲ್ಲ ಗೊತ್ತು. ಚೆನ್ನಾಗಿ ಪಳಗಿದ ಓಟಗಾರರಲ್ಲಿ ಈ ಕುಸಿತ ಹೆಚ್ಚಿರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಹತ್ತು ಕಿಲೋಮೀಟರನ್ನು 38 ನಿಮಿಷದಲ್ಲಿ ಮುಗಿಸುವ ಗೆಳೆಯನೊಬ್ಬ ಕೊಂಗ್‌ಮರು ಲಾದ ಕೆಳಗಿನ ನಿಮಾಲಿಂಗ್‌ನ ಬಯಲಿನಲ್ಲಿ, ಅದಕ್ಕೆ 50 ನಿಮಿಷ ತೆಗೆದುಕೊಳ್ಳುವ ನನ್ನ ಹಿಂದೆ ಏದುಸಿರು ಬಿಡುತ್ತ ಬಂದ. ನನ್ನ ಲೆಕ್ಕದ ಪ್ರಕಾರ ಅವನು ಬೆಳಿಗ್ಗೆ ಹನ್ನೊಂದೂವರೆಗೆ ಕಣಿವೆಬಾಗಿಲಿನಲ್ಲಿರಬೇಕಿತ್ತು. ಅವನು ಅಲ್ಲಿಗೆ ಬಂದದ್ದು ಮೂರೂವರೆಗೆ, ಆಲಿಕಲ್ಲಿನ ಜೊತೆಗೆ. ಆ ಲೆಕ್ಕವನ್ನು ಅಲ್ಲಿಯೇ ಕೈಬಿಟ್ಟೆ.

ಓದುಗನನ್ನು ಮೊದಲು ಅಲ್ಲಿಯ ಗಾಳಿಯಲ್ಲಿಯೇ ಅಳೆಯಬೇಕು ಎಂಬುದು ಆಮೇಲೆ ಹೊಳೆದ ದಾರಿ. ಲೇಹ್ ತಲುಪಿದ ನಾಲ್ಕನೆಯ ದಿನಕ್ಕಿಂತ ಮೊದಲಲ್ಲದಂತೆ, ಒಂದು ಗೊತ್ತಾದ ಏರನ್ನು ಓದುಗ ತಾನು ಇಡೀ ದಿನ ಕಾಯ್ದುಕೊಳ್ಳಬಲ್ಲ ವೇಗದಲ್ಲಿ ಹತ್ತಬೇಕು. ಅದಕ್ಕೆ ಹಿಡಿದ ಸಮಯವನ್ನು ಹತ್ತು ಪಾಲು ಎಂದುಕೊಳ್ಳಬೇಕು. ಪುಸ್ತಕದಲ್ಲಿ ಪ್ರತಿ ತುಂಡು ದಾರಿಗೂ ಇಷ್ಟು ಪಾಲು ಎಂದಷ್ಟೇ ಇರುತ್ತದೆ, ಗುಣಿಸಿಕೊಳ್ಳುವುದು ಅವನ ಕೆಲಸ. ಮೊದಲು ಶಾಂತಿ ಸ್ತೂಪದ ಮೆಟ್ಟಿಲುಗಳನ್ನೇ ಅಳತೆಗೋಲು ಮಾಡಿದ್ದೆ. ಐನೂರಕ್ಕೂ ಹೆಚ್ಚು ಮೆಟ್ಟಿಲಿದ್ದರೂ ಅದು ಹತ್ತು ನಿಮಿಷದ ಮಾತು, ಹಟಕ್ಕೆ ಬಿದ್ದವರು ಉಸಿರು ಕಟ್ಟಿ ಹತ್ತಿಬಿಡುತ್ತಾರೆ; ಹಾಗೆ ಬಂದ ಪಾಲನ್ನು ಆರು ಗಂಟೆಯ ದಾರಿಗೆ ಹಚ್ಚಿದರೆ ಎಲ್ಲರೂ ತಡವಾಗುತ್ತಿದ್ದರು. ಈಗಿನ ಏರು ಸುಮಾರು 600 ಮೀಟರ್ ಏರುತ್ತದೆ, ಕವಲಿಲ್ಲ, ಉದ್ದಕ್ಕೂ ಒಂದೇ ಬಗೆಯ ನೆಲ. ಅದು ಯಾವುದೆಂದು ಪುಸ್ತಕ ಕೊಂಡವರು ನೋಡಿಕೊಳ್ಳಲಿ. ಇಳಿತಕ್ಕೆ ಬೇರೆಯೇ ಪಾಲು ಬೇಕು, ಏಕೆಂದರೆ ಅಲ್ಲಿ ಸೋಲುವುದು ಶ್ವಾಸಕೋಶವಲ್ಲ, ಸಡಿಲ ಕಲ್ಲಿನ ಮೇಲಿನ ಧೈರ್ಯ. ಅದೇ ಏರನ್ನು ಇಳಿಯುವಾಗ ಆ ಪಾಲೂ ಸಿಕ್ಕುತ್ತದೆ. 4,500 ಮೀಟರ್ ದಾಟಿದ ಮೇಲೆ ಪಾಲುಗಳನ್ನು ಸ್ವಲ್ಪ ಉಬ್ಬಿಸಬೇಕಾಗುತ್ತದೆ, ಎಷ್ಟೆಂಬುದಕ್ಕೆ ನನಗೆ ಮೂರು ಹಂಗಾಮು ಹಿಡಿಯಿತು, ಆ ಅಂಕಿಯನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಸಮಯ ಸರಿಹೋದ ಮೇಲೆ ಮಾತುಗಳನ್ನು ಪರೀಕ್ಷಿಸಬೇಕಾಯಿತು. ಹೊಸಬರ ಕೈಗೆ ಆ ದಿನದ ಪುಟಗಳನ್ನಷ್ಟೇ ಕೊಟ್ಟು, ನಾನು ಇನ್ನೂರು ಮೀಟರ್ ಹಿಂದೆ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದೆ. ಅವರು ನಿಂತ ಕಡೆಯೆಲ್ಲ ನನ್ನ ವಾಕ್ಯ ತಪ್ಪಿದೆಯೆಂದು ಅರ್ಥ. ಮಾರ್ಖಾ ಕಣಿವೆಯಲ್ಲಿ ಅವರು ಅತಿ ಹೆಚ್ಚು ನಿಂತದ್ದು ಮಣಿ ಗೋಡೆಗಳ ಬಳಿ. ಮಂತ್ರ ಕೊರೆದ ಕಲ್ಲುಗಳ ಆ ಗೋಡೆಯನ್ನು ಬಲಕ್ಕೆ ಇಟ್ಟುಕೊಂಡು ಸಾಗುವುದು ಅಲ್ಲಿಯ ರೂಢಿ, ಹೋಗುವವರಿಗೂ ಬರುವವರಿಗೂ. ಹೀಗಾಗಿ ಎರಡೂ ಪಕ್ಕದಲ್ಲಿ ಹಾದಿ ಸವೆದಿರುತ್ತದೆ, ಗೋಡೆ ಮುಗಿದ ಮೇಲೆ ಎರಡೂ ಕೂಡುತ್ತವೆ. ನಾನು ಅದನ್ನು ಬರೆದೇ ಇರಲಿಲ್ಲ. ಒಬ್ಬ ಹುಡುಗಿ ಅದನ್ನು ಕವಲುದಾರಿಯೆಂದು ತಿಳಿದು ಐದಾರು ನಿಮಿಷ ಪುಟ ತಿರುವಿದಳು. ಹೊಳೆಯ ಪಾತ್ರದ ಮುಳ್ಳುಪೊದೆಗಳೊಳಗೆ ಹಾದಿ ಕಾಣೆಯಾಗುವ ಕಡೆಗಳಲ್ಲಿಯೂ ಹೀಗೆಯೇ ಆಯಿತು. ಕಲ್ಲುಗುಪ್ಪೆಗಳ ಗುರುತನ್ನು ಪುಸ್ತಕದಿಂದ ಪೂರ್ತಿ ತೆಗೆದೆ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಅವನ್ನು ಕಟ್ಟುತ್ತಾರೆ.

ಪಾಲಿಗೆ ಒಗ್ಗದ ಒಂದೇ ಸಂಗತಿ ನೀರು. ನಿಮಾಲಿಂಗ್‌ನ ಕೆಳಗೆ ಎರಡು ದಿನ ಬೇರೇನೂ ಕೆಲಸವಿಲ್ಲದೆ, ಹೊಳೆಯಂಚಿನ ಬಂಡೆಯೊಂದಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ಎರಡು ಗಂಟೆಗೊಮ್ಮೆ ನೋಡಿದೆ. ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ಹೆಚ್ಚುಕಡಿಮೆ ಒಂದು ಗೇಣು ಅಂತರವಿತ್ತು, ಮೊದಲ ದಿನದ ಗೆರೆ ಸಂಜೆಗೆ ತೊಳೆದೇ ಹೋಯಿತು. ಮೇಲೆ ಬಿಸಿಲಿಗೆ ಕರಗಿದ ಹಿಮ ಕೆಳಗೆ ಬರಲು ಹೊತ್ತು ಹಿಡಿಯುವುದರಿಂದ, ಮಧ್ಯಾಹ್ನ ಬಿಸಿಲು ಇಳಿದರೂ ನೀರು ಏರುತ್ತಲೇ ಇರುತ್ತದೆ. ಆದ್ದರಿಂದ ಹೊಳೆ ದಾಟುವ ಕಡೆಗಳಲ್ಲಿ ಮಾತ್ರ ಪುಸ್ತಕ ಗಡಿಯಾರದ ಗಂಟೆಯನ್ನೇ ಹೇಳುತ್ತದೆ. ಇದಕ್ಕೆ ಹೊಂದಿಕೊಂಡೇ ಪ್ರತಿ ದಾರಿಗೂ ಹಿಂತಿರುಗುವ ಗಂಟೆಯೊಂದನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ: ಇಷ್ಟು ಹೊತ್ತಿಗೆ ಇಲ್ಲಿ ತಲುಪದಿದ್ದರೆ ಮೇಲೆ ಹೋಗಬೇಡಿ ಎಂದು. ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇದ್ದರೂ ಕಣಿವೆಯೊಳಗೆ ಸಂಕೇತವನ್ನು ನಂಬುವಂತಿಲ್ಲ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಅನುಮತಿಯಿಲ್ಲದೆ ಒಯ್ದರೆ ನಮ್ಮ ದೇಶದಲ್ಲಿ ಅಪರಾಧ.

ಇನ್ನು ದುಡ್ಡಿನ ಮಾತು. ಐದು ಹಂಗಾಮುಗಳ ಓಡಾಟಕ್ಕೆ ಮೂರೂಕಾಲು ಲಕ್ಷ ರೂಪಾಯಿಯ ಆಸುಪಾಸು ಹೋಯಿತು. ಹಳೆಯ ಲೆಕ್ಕದ ಮೊದಲ ಮುದ್ರಣ ಸಾವಿರ ಪ್ರತಿ, ಸುಮಾರು 1,15,000 ರೂಪಾಯಿ. ಮಾರಾಟವಾದದ್ದು ನೂರ ಎಂಬತ್ತು. ಪುಟಗಳ ಬೆನ್ನಿಗೆ ಬಿಸಿ ಅಂಟು ಹಚ್ಚುವ ಪರ್ಫೆಕ್ಟ್ ಬೈಂಡಿಂಗ್ ಮಾಡಿಸಿದ್ದೆ, ಚಳಿಗೆ ಆ ಅಂಟು ಗಾಜಿನಂತೆ ಬಿರುಕು ಬಿಡುತ್ತದೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ರಾತ್ರಿ 4,800 ಮೀಟರ್ ಎತ್ತರದಲ್ಲಿ ಕಳೆದ ಪ್ರತಿ ಬೆಳಿಗ್ಗೆ ತೆರೆದರೆ ಇಸ್ಪೀಟು ಎಲೆಗಳಂತೆ ಉದುರಿತು. ಉಳಿದ ಪ್ರತಿಗಳು ರದ್ದಿಗೆ ಹೋದವು. ಪಾಲಿನ ಲೆಕ್ಕದ ಎರಡನೆಯದು ಡಿಜಿಟಲ್‌ನಲ್ಲಿ 250 ಪ್ರತಿ, ಸುಮಾರು 40,000 ರೂಪಾಯಿ. ಸ್ಪೈರಲ್ ತಂತಿ ಬೆನ್ನುಚೀಲದ ಬಲೆಗೆ ಸಿಕ್ಕಿಕೊಳ್ಳುತ್ತಿತ್ತು, ಆದರೂ ಎಲ್ಲವೂ ಖರ್ಚಾದವು. ಮೂರನೆಯದರಲ್ಲಿ ಪುಸ್ತಕವನ್ನೇ ಒಡೆದೆ: ಏಳು ದಾರಿಗಳಿಗೆ ಏಳು ಬಿಡಿ ಪುಸ್ತಿಕೆಗಳು, ತಲಾ ಹದಿನಾರು ಪುಟದ ಒಂದೊಂದು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳು), ನಡುವೆ ಎರಡು ಪಿನ್ನು, ಎಲ್ಲಕ್ಕೂ ಸೇರಿ ಒಂದು ಪ್ಲಾಸ್ಟಿಕ್ ಚೀಲ. ಓಟಗಾರ ಆ ದಿನದ ಪುಸ್ತಿಕೆಯೊಂದನ್ನೇ ಜೇಬಿಗಿಳಿಸುತ್ತಾನೆ. ಆರುನೂರು ಸೆಟ್‌ಗೆ 96,000 ರೂಪಾಯಿ ಹಾಕಿದೆ, 450ರಂತೆ ಐನೂರ ಇಪ್ಪತ್ತರಷ್ಟು ಹೋಗಿವೆ. ಒಟ್ಟಾರೆ ಇನ್ನೂ ಎರಡು ಲಕ್ಷದಷ್ಟು ಕೈ ಕಚ್ಚಿದೆಯಾದರೂ, ಮೂರನೆಯ ಮುದ್ರಣವೊಂದನ್ನೇ ನೋಡಿದರೆ ಹಾಕಿದ್ದರ ಎರಡು ಪಟ್ಟಿಗೂ ಮಿಕ್ಕಿ ಬಂದಿದೆ, ಮತ್ತು ನಕ್ಕಿದ್ದ ಗೆಳೆಯರಲ್ಲಿ ಮೂವರು ದುಡ್ಡು ಕೊಟ್ಟೇ ಕೊಂಡಿದ್ದಾರೆ.

ಬಿಡಿ ಪುಸ್ತಿಕೆಯ ಇನ್ನೊಂದು ಅನುಕೂಲ ನಾನು ಎಣಿಸದೆ ಬಂದದ್ದು. ಚಿಲ್ಲಿಂಗ್‌ನಲ್ಲಿ ಮೊದಲು ತಂತಿಗೆ ತೂಗುವ ತೊಟ್ಟಿಲಲ್ಲಿ ಕುಳಿತು ಝನ್ಸ್ಕಾರ್ ನದಿಯನ್ನು ದಾಟುತ್ತಿದ್ದರು. ಈಗ ಸೇತುವೆಯಿದೆ, ವಾಹನದ ರಸ್ತೆ ಸ್ಕಿಯು ಊರನ್ನೂ ಮುಟ್ಟಿದೆ, ನನ್ನ ಹಳೆಯ ಹಾದಿಯ ಒಂದು ತುಂಡನ್ನು ಅದು ನುಂಗಿತು. ಆ ಒಂದು ಫಾರಂ ಮಾತ್ರ ತಿದ್ದಿ ಇನ್ನೂರು ಪ್ರತಿ ಅಚ್ಚು ಹಾಕಿಸಿದ್ದೇನೆ, ಒಂಬತ್ತು ಸಾವಿರದೊಳಗೆ ಮುಗಿಯಿತು. ಹಳೆಯ ಸೆಟ್ ಇರುವವರಿಗೆ ಅಂಚೆ ವೆಚ್ಚವಷ್ಟೇ ಪಡೆದು ಕಳಿಸುತ್ತಿದ್ದೇನೆ.