ರೊಟ್ಟಿ ಘಟಕದಿಂದ ಊರಿಗೆ ಬಂದದ್ದೆಷ್ಟು? ಲೆಕ್ಕ ಹಾಕುವ ಬಗೆ

ತಾಲ್ಲೂಕು ಮಟ್ಟದ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಗೆ ಇಲಾಖೆಗಳು ತರುವ ಪ್ರಗತಿ ವರದಿಯಲ್ಲಿ ಭೌತಿಕ ಗುರಿ–ಸಾಧನೆ, ಆರ್ಥಿಕ ಗುರಿ–ಸಾಧನೆ ಎಂಬ ಕಾಲಂಗಳಿರುತ್ತವೆ. ಎಷ್ಟು ಮಂದಿಗೆ ತರಬೇತಿ ಕೊಡಲಾಯಿತು, ಎಷ್ಟು ಯಂತ್ರ ವಿತರಿಸಲಾಯಿತು, ಬಿಡುಗಡೆಯಾದ ಅನುದಾನದಲ್ಲಿ ಎಷ್ಟು ಖರ್ಚಾಯಿತು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆ ತರಬೇತಿಯಿಂದ, ಆ ಯಂತ್ರದಿಂದ ಊರಿನವರ ಕೈಗೆ ಹೆಚ್ಚುವರಿಯಾಗಿ ಏನು ಬಂತು ಎಂಬುದು ಮಾತ್ರ ಸಿಗುವುದಿಲ್ಲ. ಅದನ್ನು ಗ್ರಾಮ ಪಂಚಾಯಿತಿ ಅಥವಾ ಮಹಿಳಾ ಒಕ್ಕೂಟವೊಂದು ತನ್ನ ಮಟ್ಟದಲ್ಲೇ ಅಳೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆ ಸ್ವಸಹಾಯ ಸಂಘಗಳ ಮಹಿಳೆಯರು ನಡೆಸುವಂಥ ಜೋಳದ ರೊಟ್ಟಿ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಘಟಕದ ಲೆಕ್ಕದಲ್ಲಿ ಬರುವ ಅಂಕಿಗಳು ವಿಧಾನವನ್ನು ತೋರಿಸಲು ಊಹಿಸಿಕೊಂಡವು.

ಮೊದಲ ಕೆಲಸ, ಯಾವುದನ್ನು ಫಲ ಎನ್ನಬೇಕು ಎಂಬುದನ್ನು ಘಟಕ ಶುರುವಾಗುವ ಮುನ್ನವೇ ಬರೆದಿಡುವುದು. ‘ಮಹಿಳಾ ಸಬಲೀಕರಣ’ ಎಂದಷ್ಟೇ ಬರೆದರೆ ಅಳೆಯಲು ಏನೂ ಉಳಿಯುವುದಿಲ್ಲ. ಯಾರ ಆದಾಯ, ಎಷ್ಟು, ಎಷ್ಟು ಕಾಲದೊಳಗೆ ಹೆಚ್ಚಬೇಕು ಎಂಬುದು ಅದರಲ್ಲಿರಬೇಕು. ಸ್ವಸಹಾಯ ಸಂಘಗಳ ಮಹಿಳೆಯರಿಗಾಗಿ ಇರುವ ಕೇಂದ್ರದ ಲಖ್‌ಪತಿ ದೀದಿ ಯೋಜನೆಯ ವ್ಯಾಖ್ಯೆ ಈ ಮಟ್ಟಿಗೆ ಚೆನ್ನಾಗಿದೆ: ಕುಟುಂಬದ ವಾರ್ಷಿಕ ಆದಾಯ ಕನಿಷ್ಠ 1 ಲಕ್ಷ ರೂಪಾಯಿ ಮುಟ್ಟಬೇಕು, ಅದು ಕನಿಷ್ಠ ನಾಲ್ಕು ಕೃಷಿ ಹಂಗಾಮು ಅಥವಾ ವ್ಯಾಪಾರದ ಆವರ್ತಗಳವರೆಗೆ ನಿಲ್ಲಬೇಕು. ಹೆಚ್ಚು ತೂಕವಿರುವುದು ಎರಡನೆಯ ಷರತ್ತಿಗೆ, ಸಂಖ್ಯೆ ತೋರಿಸುವ ಅವಸರದಲ್ಲಿ ಮರೆತುಹೋಗುವುದೂ ಅದೇ.

ಎರಡನೆಯದು ಆರಂಭದ ಸ್ಥಿತಿಯನ್ನು ದಾಖಲಿಸುವುದು. ಯಂತ್ರ ಬಂದ ಮೇಲೆ ‘ಮೊದಲು ಎಷ್ಟಿತ್ತು’ ಎಂದು ಕೇಳಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ, ಏಕೆಂದರೆ ಕೇಳುವವರಿಗೆ ಯಾವ ಉತ್ತರ ಇಷ್ಟ ಎಂಬುದು ಅಷ್ಟರೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಕೇಳುವ ರೀತಿಯಲ್ಲೂ ಎಚ್ಚರ ಬೇಕು. ‘ಅಕ್ಕಾರ, ತಿಂಗಳಿಗೆ ಎಷ್ಟ ಗಳಸ್ತೀರಿ?’ ಎಂದರೆ ‘ಅದೇನ ಲೆಕ್ಕರೀ, ಬರತದ, ಹೋಗತದ’ ಎಂಬ ಮಾತಿಗಿಂತ ಹೆಚ್ಚಿನದು ಸಿಗುವುದು ಕಷ್ಟ. ಅದರ ಬದಲು ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತಾರೆ, ವಾರದಲ್ಲಿ ಎಷ್ಟು ದಿನ, ಖಾನಾವಳಿಯವರು ಒಂದಕ್ಕೆ ಏನು ಕೊಡುತ್ತಾರೆ, ಗಿರಣಿಗೆ ಎಷ್ಟು, ಸಿಲಿಂಡರ್ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಬಿಡಿಬಿಡಿಯಾಗಿ ಕೇಳಿ, ಮನೆಯ ಹೊಲದ ಜೋಳವಾದರೆ ಅದಕ್ಕೂ ಆ ವಾರದ ಪೇಟೆಯ ದರ ಹಾಕಿ ಕಳೆದರೆ, ಉಳಿದದ್ದು ನಿಜವಾದ ಗಳಿಕೆ. ಹೊಲದ ಜೋಳ ಪುಕ್ಕಟೆ ಎಂದುಕೊಂಡರೆ ಗಂಡನ ಒಕ್ಕಲುತನದ ಆದಾಯವನ್ನೇ ಹೆಂಡತಿಯ ರೊಟ್ಟಿ ವ್ಯಾಪಾರಕ್ಕೆ ಬರೆದಂತಾಗುತ್ತದೆ.

ಸಮೀಕ್ಷೆಯ ತಿಂಗಳನ್ನು ಬದಲಿಸಬಾರದು. ಹಿಂಗಾರಿ ಜೋಳ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕಟಾವಾಗಿ ಮಾರುಕಟ್ಟೆಗೆ ಬರುವಾಗ ಹಿಟ್ಟಿನ ಖರ್ಚು ತಗ್ಗುತ್ತದೆ. ಎಳ್ಳಮಾವಾಸ್ಯೆಗೂ ಮದುವೆಯ ದಿನಗಳಿಗೂ ರೊಟ್ಟಿಗೆ ಬೇಡಿಕೆ ಏರುತ್ತದೆ. ಮೊದಲ ಲೆಕ್ಕವನ್ನು ಆಷಾಢದಲ್ಲಿ, ಎರಡನೆಯದನ್ನು ಮದುವೆ ಕಾಲದಲ್ಲಿ ತೆಗೆದುಕೊಂಡರೆ ಘಟಕವಿಲ್ಲದ ಊರಿನಲ್ಲೂ ಅಭಿವೃದ್ಧಿ ಕಾಣಿಸುತ್ತದೆ. ಹಾಗೆಯೇ, ನಡುವೆ ಘಟಕ ಬಿಟ್ಟುಹೋದ ಸದಸ್ಯೆಯರನ್ನೂ ಎರಡನೇ ಸಲ ಹುಡುಕಿ ಕೇಳಬೇಕು. ಉಳಿದವರನ್ನು ಮಾತ್ರ ಕೇಳಿದರೆ ಗೆದ್ದವರ ಸರಾಸರಿಯಷ್ಟೇ ಸಿಗುತ್ತದೆ.

ಮೂರನೆಯ ಹೆಜ್ಜೆಯೇ ಇಡೀ ಕೆಲಸದ ತಿರುಳು. ಘಟಕ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ತಿಳಿಯಲು ನೀರಾವರಿ, ಪೇಟೆಯ ದೂರ, ಬಸ್ ಸೌಕರ್ಯಗಳಲ್ಲಿ ಹೆಚ್ಚುಕಡಿಮೆ ಹೋಲುವ, ಆದರೆ ಘಟಕವಿಲ್ಲದ ನೆರೆಯೂರೊಂದನ್ನು ಆರಿಸಿ, ಅಲ್ಲಿನ ಅಂಥದೇ ಸಂಘಗಳ ಕುಟುಂಬಗಳನ್ನು ಅದೇ ತಿಂಗಳಲ್ಲಿ, ಅದೇ ಪ್ರಶ್ನೆಗಳೊಂದಿಗೆ ಕೇಳಬೇಕು. ನಮ್ಮ ಘಟಕದ 20 ಸದಸ್ಯೆಯರ ಕುಟುಂಬಗಳ ಸರಾಸರಿ ವಾರ್ಷಿಕ ಆದಾಯ 2023ರ ಆರಂಭದಲ್ಲಿ 84,000 ರೂಪಾಯಿ ಇದ್ದದ್ದು ಎರಡು ವರ್ಷಗಳಲ್ಲಿ 1,32,000 ಆಯಿತು ಎನ್ನಿ. ಏರಿಕೆ 48,000. ವರದಿಗೆ ಇಷ್ಟೇ ಸಾಕೆನಿಸುತ್ತದೆ. ಆದರೆ ನೆರೆಯೂರಿನಲ್ಲಿ 82,000 ಇದ್ದದ್ದು 1,14,000ಕ್ಕೆ ಏರಿದ್ದರೆ, ಯಾವ ಘಟಕವೂ ಇಲ್ಲದೆ 32,000 ಹೆಚ್ಚಿದೆ. ಕಾರಣ ದೂರವೇನಿಲ್ಲ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿಯಂತೆ ವರ್ಷಕ್ಕೆ 24,000 ಎರಡೂ ಊರಿಗೆ ಬಂದಿದೆ, ಕೂಲಿಯ ದರವೂ ಎರಡೂ ಕಡೆ ಏರಿದೆ, ಬೆಲೆಯೇರಿಕೆಯೂ ಎರಡೂ ಕಡೆಯ ಅಂಕಿಗಳನ್ನು ಉಬ್ಬಿಸಿದೆ. ಹಾಗಾಗಿ 48,000ದಲ್ಲಿ 32,000 ಕಳೆದು ಉಳಿಯುವ 16,000 ಮಾತ್ರ ಘಟಕದ್ದು. ಎಲ್ಲ ಆದಾಯವನ್ನೂ ಕೂಡಿ ನೋಡಿದರೆ ಸರಾಸರಿಯಲ್ಲಿ ನೆರೆಯೂರೂ 1 ಲಕ್ಷದ ಗೆರೆ ದಾಟಿದೆ ಎಂಬುದನ್ನು ಗಮನಿಸಬೇಕು. ಗೆರೆ ದಾಟಿದವರ ತಲೆ ಎಣಿಸಿದರೆ ಫಲ ಅಳೆದಂತಾಗುವುದಿಲ್ಲ.

ಈ 16,000ವನ್ನು 20ರಿಂದ ಗುಣಿಸಿದರೆ ವರ್ಷಕ್ಕೆ 3,20,000 ರೂಪಾಯಿ. ಇದರಿಂದಲೂ ಕಳೆಯಬೇಕಾದದ್ದಿದೆ. ಇಷ್ಟು ದಿನ ಖಾನಾವಳಿಗೆ ರೊಟ್ಟಿ ಕೊಡುತ್ತಿದ್ದ ಐವರು ಮಹಿಳೆಯರು, ಸಂಘದಲ್ಲಿ ಇಲ್ಲದವರು, ಘಟಕ ಬಂದ ಮೇಲೆ ತಮ್ಮ ಕಾಯಂ ಗಿರಾಕಿಯನ್ನು ಕಳೆದುಕೊಂಡರೆ ಅವರ ನಷ್ಟವೂ ಊರಿನ ಲೆಕ್ಕಕ್ಕೇ ಸೇರಬೇಕು. ತಲಾ 12,000 ಎಂದರೆ 60,000 ಹೋಗಿ 2,60,000 ಉಳಿಯುತ್ತದೆ. ಈ ಐವರು ಯಾವ ಫಲಾನುಭವಿ ಪಟ್ಟಿಯಲ್ಲೂ ಇಲ್ಲದ್ದರಿಂದ ಅವರನ್ನು ಯಾರೂ ಕೇಳುವುದಿಲ್ಲ. ಘಟಕದ ಗಿರಾಕಿಗಳನ್ನೇ ‘ಮೊದಲು ರೊಟ್ಟಿ ಎಲ್ಲಿಂದ ತರಿಸುತ್ತಿದ್ದಿರಿ’ ಎಂದು ವಿಚಾರಿಸಿದರೆ ಅವರ ಹೆಸರುಗಳು ತಾವಾಗಿ ಹೊರಬರುತ್ತವೆ. ರೊಟ್ಟಿ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೋಗುತ್ತಿದ್ದರೆ ಈ ಕಡಿತ ಬಹುತೇಕ ಇರುವುದಿಲ್ಲ.

ಖರೀದಿ ಪುಸ್ತಕದಲ್ಲಿ ‘ಎಲ್ಲಿಂದ’ ಎಂಬ ಒಂದು ಕಾಲಂ ಹೆಚ್ಚಿಸುವುದೂ ಒಳ್ಳೆಯದು. ಜೋಳವನ್ನು ಊರಿನ ರೈತರಿಂದ ಕೊಂಡರೆ ಆ ಹಣ ಊರಿನಲ್ಲಿ ಇನ್ನೊಂದು ಸುತ್ತು ತಿರುಗುತ್ತದೆ. ಪ್ಯಾಕಿಂಗ್ ಕವರ್, ಗ್ಯಾಸ್, ಸಾಗಣೆಯ ಹಣ ಬಂದ ದಿನವೇ ಹೊರಗೆ ಹೋಗುತ್ತದೆ. ವಹಿವಾಟು ಲಕ್ಷಗಟ್ಟಲೆ ಎಂಬ ಮಾತು ಈ ಕಾರಣಕ್ಕೇ ದಾರಿ ತಪ್ಪಿಸುತ್ತದೆ.

ಉದ್ಯೋಗದ ಎಣಿಕೆ ಇದಕ್ಕಿಂತ ಸಲೀಸು, ಆದರೆ ತಪ್ಪುವುದೂ ಹೆಚ್ಚು. 20 ಮಹಿಳೆಯರು ತಿಂಗಳಿಗೆ 15 ದಿನ, ದಿನಕ್ಕೆ 3 ಗಂಟೆ ದುಡಿದರೆ ಒಟ್ಟು 900 ಗಂಟೆ. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 25 ದಿನ ಎಂದು ಹಿಡಿದರೆ ಇದು ನಾಲ್ಕೂವರೆ ಪೂರ್ಣಾವಧಿ ಉದ್ಯೋಗ, 20 ಅಲ್ಲ. ತಲಾ 16,000ವನ್ನು ವರ್ಷದ 540 ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 30 ರೂಪಾಯಿ, ಅಂದರೆ ದಿನಕ್ಕೆ 240ರ ಆಸುಪಾಸು. 2025–26ರಲ್ಲಿ ರಾಜ್ಯದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ ಇತ್ತು. ಇಷ್ಟಕ್ಕೇ ಘಟಕ ಸೋತಿತು ಎನ್ನಲಾಗದು. ಮನೆಯ ಹತ್ತಿರ, ನೆರಳಿನಲ್ಲಿ, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಸಿಗುವ ಕೆಲಸಕ್ಕೆ ಮಹಿಳೆಯರು ಕೊಡುವ ಬೆಲೆಯೇ ಬೇರೆ, ಅದನ್ನು ಅವರನ್ನೇ ಕೇಳಿ ಬರೆದುಕೊಳ್ಳಬೇಕು.

ಮುಂದಿನದು ಸರ್ಕಾರದ ಹಣದ ಲೆಕ್ಕ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಪಿಎಂಎಫ್ಎಂಇ ಯೋಜನೆಯಲ್ಲಿ ಬಿಡಿ ಘಟಕಕ್ಕೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಜೋಡಿಸಿದ ಸಹಾಯಧನ ನಿಗದಿಯಾಗಿತ್ತು. ಇದೇ ಪ್ರಮಾಣ ಹಿಡಿದರೆ 12 ಲಕ್ಷದ ಘಟಕಕ್ಕೆ 4,20,000. ವರ್ಷಕ್ಕೆ 2,60,000 ನಿಜವಾದ ಗಳಿಕೆ ಇದ್ದರೆ ಎರಡು ವರ್ಷದೊಳಗೆ ಅಷ್ಟು ಹಣ ಊರಿಗೆ ಬಂದಂತಾಯಿತು. ಆದರೆ ಬ್ಯಾಂಕಿನ ಕಂತನ್ನೂ ಯಂತ್ರದ ಸವಕಳಿಯನ್ನೂ ಕಳೆದ ಮೇಲೆ ಸದಸ್ಯೆಯರ ಗಳಿಕೆಯನ್ನು ಬರೆದಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಸಹಾಯಧನ ನಿಂತ ಬಳಿಕದ ಮೂರನೆಯ ವರ್ಷದಲ್ಲೂ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು.

ಸಿದ್ಧ ಸೂಚ್ಯಂಕಗಳಿರುವಾಗ ಇಷ್ಟು ಪಾಡು ಏಕೆ ಎಂದು ಕೇಳುವವರಿದ್ದಾರೆ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಬಳಸಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಲು ಅಂಥ ಅಳತೆಗೆ ಸಾಟಿಯಿಲ್ಲ. ಹೋದ ಹಣದಿಂದ ಯಾವ ಕೆಲಸ ಫಲ ಕೊಟ್ಟಿತು ಎಂಬುದನ್ನು ಅದು ಹೇಳಲಾರದು. ಅದಕ್ಕಾಗಿ ಮಾಡಿದ್ದೂ ಅಲ್ಲ.

ಇದಕ್ಕೆಲ್ಲ ಹೊರಗಿನ ಸಂಸ್ಥೆ ಬೇಕಿಲ್ಲ. ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರ ಬಳಿ ಸಾಲ, ಖರೀದಿ, ಮಾರಾಟದ ಪುಸ್ತಕಗಳು ಈಗಾಗಲೇ ಇವೆ. ಆದರೆ ಮನೆಮನೆಯ ಪ್ರಶ್ನೆಗಳನ್ನು ಘಟಕದ ಪದಾಧಿಕಾರಿಗಳಲ್ಲದೆ ಬೇರೆ ಊರಿನ ಒಕ್ಕೂಟದವರು ಕೇಳುವುದು ಲೇಸು. ಎರಡು ಊರಿನವರು ಪರಸ್ಪರ ಈ ಕೆಲಸ ಮಾಡಿಕೊಟ್ಟರೆ ಹೋಲಿಕೆಯ ಊರಿನ ಅಂಕಿಗಳೂ ಖರ್ಚಿಲ್ಲದೆ ಸಿಗುತ್ತವೆ. ಬಂದ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದುವಾಗ ಒಬ್ಬೊಬ್ಬರ ಆದಾಯವನ್ನು ಹೆಸರಿಟ್ಟು ಹೇಳದೆ ಸರಾಸರಿಯನ್ನೂ, ಜೊತೆಗೆ ಏನೂ ಹೆಚ್ಚದ ಕುಟುಂಬಗಳೆಷ್ಟು ಎಂಬುದನ್ನೂ ಓದಬೇಕು.