ಒಂದೇ ಹುಣಸೆಬೀಜ, ಬೇರೆ ಬೇರೆ ಮನೆ: ಸ್ಥಾನಬೆಲೆ ಕಲಿಸಿದ ನನ್ನ ಅನುಭವ

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಾಗ, ಒಂದು ದಿನ ಮಕ್ಕಳ ಮುಂದೆ ಹದಿನಾರು ಹುಣಸೆಬೀಜಗಳನ್ನು ಇಟ್ಟು, ಎಣಿಸಿ ಬರೆಯಲು ಹೇಳಿದೆ. ಎಲ್ಲರೂ 16 ಎಂದು ಸರಿಯಾಗಿಯೇ ಬರೆದರು. ಆಮೇಲೆ ಒಬ್ಬ ಹುಡುಗಿಯ ಸ್ಲೇಟಿನಲ್ಲಿದ್ದ 6ರ ಮೇಲೆ ಬೆರಳಿಟ್ಟು, "ಇಷ್ಟು ಬೀಜ ಎಲ್ಲಿವೆ, ತೋರಿಸು ಪುಟ್ಟಿ" ಎಂದೆ. ಆರು ಬೀಜಗಳನ್ನು ಬೇರೆ ಮಾಡಿ ತೋರಿಸಿದಳು. 1ರ ಮೇಲೆ ಬೆರಳಿಟ್ಟು ಅದೇ ಪ್ರಶ್ನೆ ಕೇಳಿದೆ. ಒಂದೇ ಒಂದು ಬೀಜವನ್ನು ಮುಂದಕ್ಕೆ ಸರಿಸಿದಳು. ಉಳಿದ ಒಂಬತ್ತು ಬೀಜಗಳು ಯಾವ ಲೆಕ್ಕಕ್ಕೆ ಸೇರಿದವು ಎಂದು ಕೇಳಿದಾಗ ಅವಳೂ ಸುಮ್ಮನಾದಳು, ಅಕ್ಕಪಕ್ಕದ ಮಕ್ಕಳೂ ಸುಮ್ಮನಾದರು.

ಇದೇ ಹುಡುಗಿ ಹಿಂದಿನ ವಾರದ ಕಿರುಪರೀಕ್ಷೆಯಲ್ಲಿ "16ರಲ್ಲಿ 1ರ ಸ್ಥಾನಬೆಲೆ 10, ಮುಖಬೆಲೆ 1" ಎಂದು ಬರೆದು ಪೂರ್ತಿ ಅಂಕ ಪಡೆದಿದ್ದಳು. ಸಂಖ್ಯೆಯ ಮೇಲೆ ಬಿಡಿ, ಹತ್ತು, ನೂರು ಎಂದು ತಲೆಬರಹ ಹಾಕುವುದನ್ನು ನಾನೇ ಕಲಿಸಿದ್ದೆ. ಮಕ್ಕಳು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಆ ಹೆಸರುಗಳ ಹಿಂದೆ ವಸ್ತುಗಳಿವೆ ಎಂಬುದು ಅವರಿಗೆ ತಲುಪಿರಲಿಲ್ಲ ಎಂದು ನನಗೆ ಅರಿವಾದದ್ದು ಆ ಒಂದು ಬೀಜದಿಂದ.

ಮೊದಲು ತೆಂಗಿನ ಗರಿಯ ಕಡ್ಡಿಗಳನ್ನು ಬಳಸಿದೆ. ಸಮಯ ಉಳಿಯಲಿ ಎಂದು ಮನೆಯಲ್ಲಿಯೇ ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಕಟ್ಟಿಕೊಂಡು ಹೋದದ್ದು ನನ್ನ ತಪ್ಪಾಯಿತು. ಮೂರು ಕಟ್ಟು ಮತ್ತು ನಾಲ್ಕು ಬಿಡಿ ಕಡ್ಡಿಗಳನ್ನು ಕೊಟ್ಟು ಎಷ್ಟು ಎಂದು ಕೇಳಿದರೆ, ಹಲವರು ಏಳು ಎಂದರು. ಅವರ ಕಣ್ಣಿಗೆ ಕಟ್ಟು ಎನ್ನುವುದು ಒಂದು ವಸ್ತುವಾಗಿತ್ತು, ಅದರೊಳಗಿನ ಹತ್ತು ಕಡ್ಡಿಗಳನ್ನು ಅವರು ಎಣಿಸಿಯೇ ಇರಲಿಲ್ಲ. ಮರುದಿನದಿಂದ ಬಿಡಿ ಕಡ್ಡಿಗಳ ರಾಶಿಯನ್ನೂ ರಬ್ಬರ್ ಬ್ಯಾಂಡುಗಳನ್ನೂ ಅವರ ಕೈಗೇ ಕೊಟ್ಟೆ. ಎಣಿಸುವುದು, ಹತ್ತಾದ ಕೂಡಲೇ ಕಟ್ಟುವುದು, ಮತ್ತೆ ಬಿಚ್ಚಿ ಎಣಿಸುವುದು, ಹತ್ತು ಕಟ್ಟುಗಳಾದಾಗ ಅವೆಲ್ಲವನ್ನೂ ಸೇರಿಸಿ ಹುರಿಯಿಂದ ನೂರರ ಕಟ್ಟು ಮಾಡುವುದು, ಹೀಗೆ ಎರಡು ವಾರ ಬೇರೇನನ್ನೂ ಮಾಡಲಿಲ್ಲ. ಪಾಠ ಹಿಂದೆ ಬೀಳುತ್ತದೆ ಎಂಬ ಅಳುಕಿತ್ತು, ಆದರೆ ಆ ಎರಡು ವಾರಗಳನ್ನು ನಾನು ಈಗ ಯಾವ ವರ್ಷವೂ ಬಿಡುವುದಿಲ್ಲ.

ಇದರ ಫಲ ಕಂಡದ್ದು ವ್ಯವಕಲನದಲ್ಲಿ. 402ರಿಂದ 178ನ್ನು ಕಳೆಯಲು ಹೇಳಿದರೆ ಮೊದಲೆಲ್ಲ 376 ಎಂಬ ಉತ್ತರ ಬರುತ್ತಿತ್ತು, ಏಕೆಂದರೆ ಮಕ್ಕಳು ಪ್ರತಿ ಸ್ಥಾನದಲ್ಲಿಯೂ ಯಾವುದು ದೊಡ್ಡದೋ ಅದರಿಂದ ಚಿಕ್ಕದನ್ನು ಕಳೆದುಬಿಡುತ್ತಿದ್ದರು. ಈಗ ನಾಲ್ಕು ನೂರರ ಕಟ್ಟುಗಳನ್ನೂ ಎರಡು ಕಡ್ಡಿಗಳನ್ನೂ ಮುಂದಿಟ್ಟುಕೊಂಡ ಹುಡುಗನೊಬ್ಬ, ಎಂಟು ಕಡ್ಡಿ ಕೊಡಬೇಕಾದಾಗ ತನ್ನ ಬಳಿ ಬಿಚ್ಚಲು ಹತ್ತರ ಕಟ್ಟೇ ಇಲ್ಲ ಎಂಬುದನ್ನು ಗಮನಿಸಿ, ಸ್ವಲ್ಪ ಹೊತ್ತು ಯೋಚಿಸಿ, ನೂರರ ಕಟ್ಟಿನ ಹುರಿಯನ್ನು ಬಿಚ್ಚಿದ. ಹೊರಬಂದ ಹತ್ತು ಕಟ್ಟುಗಳಲ್ಲಿ ಒಂದರ ರಬ್ಬರ್ ಬ್ಯಾಂಡನ್ನು ತೆಗೆದ. ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಸೊನ್ನೆಯಿದ್ದ ಜಾಗದಲ್ಲಿ 9 ಬರುವುದೇಕೆ ಎಂದು ಆ ತರಗತಿಗೆ ಮತ್ತೆ ನಾನು ವಿವರಿಸಬೇಕಾಗಲಿಲ್ಲ. 224 ಎಂದು ಬರೆದು ಅವನು ತಲೆಯೆತ್ತಿದಾಗ ನನಗಾದ ಸಂತೋಷ ಇಂದಿಗೂ ನೆನಪಿದೆ.

ಆದರೂ ಕಡ್ಡಿಗಳು ಅರ್ಧ ಕೆಲಸವನ್ನು ಮಾತ್ರ ಮಾಡುತ್ತವೆ ಎಂದು ತಿಳಿಯಲು ನನಗೆ ಇನ್ನೊಂದು ವರ್ಷ ಬೇಕಾಯಿತು. ಕಟ್ಟನ್ನು ಬಲಕ್ಕಿಟ್ಟರೂ ಎಡಕ್ಕಿಟ್ಟರೂ ಅದು ಹತ್ತೇ. ಅಂಕಿ ಹಾಗಲ್ಲ, ಅದರ ಬೆಲೆ ಕುಳಿತ ಜಾಗದಿಂದ ಬರುತ್ತದೆ. ಮಣಿಚೌಕಟ್ಟಿನಲ್ಲಿ ಇದನ್ನು ತೋರಿಸಲು ಹೋದಾಗ, ಬಿಡಿಗೆ ಒಂದು ಬಣ್ಣ, ಹತ್ತಕ್ಕೆ ಮತ್ತೊಂದು ಬಣ್ಣದ ಮಣಿಗಳಿದ್ದುದರಿಂದ, ಬೆಲೆ ಬಣ್ಣದಿಂದ ಬರುತ್ತದೆ ಎಂದು ಕೆಲವರು ಭಾವಿಸಿಕೊಂಡರು. ಹಾಗಾಗಿ ಮತ್ತೆ ಹುಣಸೆಬೀಜಕ್ಕೆ ಮರಳಿದೆ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಮೂರು ಮನೆಗಳನ್ನು ಬರೆದೆ. ಚೌಕಾಬಾರ, ಕುಂಟೆಬಿಲ್ಲೆ ಆಡಿ ಬೆಳೆದ ಮಕ್ಕಳಿಗೆ ಮನೆ ಎಂದರೇನು ಎಂದು ಹೇಳಬೇಕಾಗಿಲ್ಲ. ಒಂದು ಮನೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಬೀಜ ಇರಕೂಡದು, ಹತ್ತಾದರೆ ಅವನ್ನು ತೆಗೆದು ಎಡಮನೆಯಲ್ಲಿ ಒಂದು ಬೀಜ ಇಡಬೇಕು ಎಂಬುದೇ ನಿಯಮ.

"ಮಿಸ್, ಹತ್ತು ಬೀಜ ಅಲ್ಲೇ ಇದ್ರೆ ಏನಾಗುತ್ತೆ?" ಎಂದು ಒಬ್ಬಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಆ ಮನೆಯಲ್ಲಿರುವುದನ್ನು ಒಂದೇ ಅಂಕಿಯಲ್ಲಿ ಬರೆ ಎಂದೆ. ಒಂಬತ್ತರವರೆಗೆ ಅಂಕಿಗಳಿವೆ, ಹತ್ತಕ್ಕೆ ಒಂಟಿ ಅಂಕಿಯಿಲ್ಲ ಎಂಬುದನ್ನು ಅವಳೇ ಕಂಡುಕೊಂಡಳು.

ಸೊನ್ನೆಯ ತೊಡಕೂ ಈ ಮನೆಗಳಲ್ಲಿಯೇ ಬಿಡಿಸಿಕೊಂಡಿತು. ನೂರ ಐದು ಎಂದರೆ ಮಕ್ಕಳು 1005 ಎಂದು ಬರೆಯುವುದು ಅಜಾಗರೂಕತೆಯಿಂದಲ್ಲ: ಮಾತಿನಲ್ಲಿ ಮೊದಲು ನೂರು ಕೇಳಿಸುತ್ತದೆ, ಅದನ್ನು 100 ಎಂದು ಬರೆದು ಪಕ್ಕದಲ್ಲಿ 5 ಇಡುತ್ತಾರೆ. ನಡುವೆ ಹತ್ತುಗಳಿಲ್ಲ ಎಂಬುದನ್ನು ಮಾತು ಹೇಳುವುದೇ ಇಲ್ಲ, ಬರಹ ಹೇಳಲೇಬೇಕಾಗುತ್ತದೆ. ಖಾಲಿ ಮನೆಯನ್ನು ಕಣ್ಣಾರೆ ಕಂಡವರು ಅಲ್ಲಿ ಸೊನ್ನೆ ಇಡುವುದನ್ನು ಮರೆಯಲಿಲ್ಲ. ಇಲ್ಲಿ ಭಾಷೆಯ ಒಂದು ಮಾತನ್ನೂ ಹೇಳಬೇಕು. ಮೂವತ್ತೈದು ಎಂಬ ಕನ್ನಡದ ಪದದಲ್ಲಿ ಮೂವತ್ತು ಮೊದಲು, ಐದು ಆಮೇಲೆ ಬರುವುದರಿಂದ ಪದದ ಕ್ರಮವೇ ಬರಹದ ಕ್ರಮವೂ ಆಗಿರುತ್ತದೆ. ಮನೆಯಲ್ಲಿ ಉರ್ದು ಮಾತನಾಡುವ ಮಕ್ಕಳಿಗೆ ಪೈಂತೀಸ್ ಎನ್ನುವಾಗ ಐದು ಮೊದಲು ಕೇಳಿಸುತ್ತದೆ, ಆದ್ದರಿಂದ ಅವರಲ್ಲಿ ಕೆಲವರು 53 ಎಂದು ಬರೆಯುತ್ತಿದ್ದರು. ಅದನ್ನು ದಡ್ಡತನವೆಂದು ಗದರಿಸುವುದು ಅನ್ಯಾಯ. ಅವರೊಂದಿಗೆ ಬೀಜಗಳನ್ನು ಇಡಿಸಿ, ಎರಡು ಭಾಷೆಗಳಲ್ಲಿಯೂ ಹೇಳಿಸಿದೆ. ನಿಧಾನವಾಗಿ ಸರಿಹೋಯಿತು.

ಬಿಡಿ, ಹತ್ತು, ನೂರು ಎಂಬ ತಲೆಬರಹಗಳನ್ನು ನಾನು ಈಗ ಕೊನೆಗೆ ಬರೆಸುತ್ತೇನೆ. ನಾಲ್ಕನೆಯ ಮನೆ ಬೇಕೆಂದು ಮಕ್ಕಳೇ ಕೇಳುತ್ತಾರೆ, ಅದನ್ನು ಬರೆದ ಮೇಲೆ ಅದರ ಹೆಸರನ್ನೂ ಕೇಳುತ್ತಾರೆ. ಕಳೆದ ಬಾರಿ ಸಾವಿರ, ಹತ್ತು ಸಾವಿರ, ಲಕ್ಷ ದಾಟಿದ ಮೇಲೂ ಅವರ ಪ್ರಶ್ನೆ ನಿಲ್ಲಲಿಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಏಕದಿಂದ ಆರಂಭಿಸಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ ಎಂದು ಹೇಳಿದೆ. ಅಷ್ಟೂ ಮನೆಗಳನ್ನು ಬರೆಯಲೇಬೇಕು ಎಂದು ಹಟ ಹಿಡಿದರು. ಹದಿನಾಲ್ಕನೆಯ ಮನೆಗೆ ಜಗಲಿ ಮುಗಿಯಿತು. ಉಳಿದ ಹತ್ತನ್ನು ಅಂಗಳಕ್ಕೆ ಇಳಿದು ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿದರು, ಮತ್ತು ಎಲ್ಲಕ್ಕಿಂತ ಎಡಗಡೆಯ ಮನೆಯಲ್ಲಿ ಒಂದು ಹುಣಸೆಬೀಜವನ್ನು ಇಟ್ಟು ಬಂದರು.