ಜೆಸಿಬಿ ಬರುವ ಮೊದಲು

ನಾನು ಒಳಚರಂಡಿ ಪೈಪ್ ಹಾಕಿಸುವ ಚಿಕ್ಕ ಗುತ್ತಿಗೆದಾರ. ಬೆಂಗಳೂರಿನ ಬಡಾವಣೆಗಳ ಅಡ್ಡರಸ್ತೆಗಳಲ್ಲೇ ಕೆಲಸ ಜಾಸ್ತಿ. ಸುರಕ್ಷತೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಹೆಲ್ಮೆಟ್, ಬೂಟು. ಅವು ಬೇಕೇ ಬೇಕು. ಆದರೆ ಹತ್ತಡಿ ಗುಂಡಿಯಲ್ಲಿ ಪಕ್ಕದ ಮಣ್ಣು ಜಾರಿದರೆ ಹೆಲ್ಮೆಟ್ ಏನು ಮಾಡೀತು? ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮೇಲೆ ತೂಗುತ್ತದೆ. ಎದೆಮಟ್ಟಕ್ಕೆ ಹೂತರೂ ಸಾಕು, ಉಸಿರು ಬಿಟ್ಟಾಗಲೆಲ್ಲ ಮಣ್ಣು ಬಿಗಿಯುತ್ತಾ ಹೋಗುತ್ತದೆ.

ಹಾಗಾಗಿ ನನ್ನ ತಯಾರಿ ಶುರುವಾಗುವುದು ಕೊಟೇಶನ್ ಬರೆಯುವಾಗಲೇ. ಗುಂಡಿಯ ಗೋಡೆಗೆ ಆನಿಸುವ ಹಲಗೆ, ಸರ್ವೆ ಮರ, ಜ್ಯಾಕಿ, ಇವುಗಳ ಖರ್ಚನ್ನು ಬೇರೆ ಸಾಲಿನಲ್ಲೇ ತೋರಿಸುತ್ತೇನೆ. ಒಟ್ಟು ರೇಟಿನಲ್ಲಿ ಸೇರಿಸಿದರೆ ಚೌಕಾಸಿಯಲ್ಲಿ ಮೊದಲು ಹಾರಿಹೋಗುವುದು ಅದೇ. "ಎರಡು ದಿನದ ಕೆಲಸಕ್ಕೆ ಹಲಗೆ ಯಾಕ್ರೀ?" ಅಂತ ಕೇಳುವವರು ಇದ್ದೇ ಇರುತ್ತಾರೆ. "ಆ ಎರಡು ದಿನ ಒಳಗಿರೋದು ನಮ್ಮ ಹುಡುಗರು ಸಾರ್" ಅನ್ನುತ್ತೇನೆ. ಒಪ್ಪದಿದ್ದರೆ ಆ ಕೆಲಸ ನನಗೆ ಬೇಡ. ಗಂಟೆ ಲೆಕ್ಕದ ಜೆಸಿಬಿ ಒಮ್ಮೆ ಗುಂಡಿ ತೋಡಲು ಶುರು ಮಾಡಿತು ಅಂದರೆ, ನಿಲ್ಲಿಸಿ ಹಲಗೆ ತರೋಣ ಅನ್ನುವ ಧೈರ್ಯ ಯಾರಿಗೂ ಬರುವುದಿಲ್ಲ, ಅಲ್ವಾ?

ಸಿಪಿಡಬ್ಲ್ಯೂಡಿ, ಅಂದರೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮದಲ್ಲಿ ಲೆಕ್ಕ ಸ್ಪಷ್ಟವಾಗಿದೆ. 1.5 ಮೀಟರ್ ಅಥವಾ ಅದಕ್ಕಿಂತ ಆಳ ಇದ್ದರೆ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಮರ ಕೊಟ್ಟು ಆನಿಸಬೇಕು. ಅಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಇದರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. ಈಗ ಇಪ್ಪತ್ತಡಿ ರಸ್ತೆಗೆ ಇದನ್ನು ಹಾಕಿ ನೋಡಿ. ಗುಂಡಿಯ ಅಗಲ ಮೂರಡಿ, ಆಚೆ ಐದಡಿ ಬಿಡಬೇಕು, ಒಂದು ಕಡೆ ಜನ ಓಡಾಡಬೇಕು, ಇನ್ನೊಂದು ಕಡೆ ಯಾರದ್ದೋ ಕಾರು. ಮಣ್ಣಿಗೆ ಜಾಗವೇ ಇಲ್ಲ. ಅಂದರೆ ಟಿಪ್ಪರ್ ಪಕ್ಕದಲ್ಲೇ ನಿಂತು ಆಗಿಂದಾಗ್ಗೆ ಮಣ್ಣು ಹೊತ್ತೊಯ್ಯಬೇಕು. ಆ ಬಾಡಿಗೆಯೂ ಕೊಟೇಶನ್‌ಗೆ ಸೇರಬೇಕು. ಎಷ್ಟೋ ಕಡೆ ಮಣ್ಣನ್ನು ಅಂಚಿಗೇ ಸುರಿಯುವುದು ತಿಳಿಯದೆ ಅಲ್ಲ, ಟಿಪ್ಪರ್‌ಗೆ ದುಡ್ಡು ಇಟ್ಟಿಲ್ಲ ಅಂತ.

ಕೆಲಸದ ಹಿಂದಿನ ದಿನ ರಸ್ತೆ ನೋಡಲು ಹೋಗುತ್ತೇನೆ. ನಮ್ಮ ಕೆಂಪು ಮಣ್ಣು ಒಣಗಿದ್ದಾಗ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನಂಬಬಾರದು. ಒಂದು ಮಳೆ ಬಂದರೆ, ಅಥವಾ ಪಕ್ಕದಲ್ಲಿ ನೀರಿನ ಪೈಪ್ ಸೋರುತ್ತಿದ್ದರೆ, ಅದೇ ಮಣ್ಣು ಹೇಳದೆ ಕೇಳದೆ ಕೂರುತ್ತದೆ. ಕೆರೆ ಅಂಗಳ ಮುಚ್ಚಿ ಮಾಡಿದ ಬಡಾವಣೆ ಆದರೆ ಹಲಗೆಗಳ ನಡುವೆ ಸಂದೇ ಬಿಡುವುದಿಲ್ಲ. ಹಿಂದೆ ಪೈಪ್ ಹಾಕಲು ಅಗೆದು ಮುಚ್ಚಿದ ಜಾಗವೂ ಅಷ್ಟೇ ಸಡಿಲ. ನೀರಿನ ಟ್ಯಾಂಕರ್ ಓಡಾಡುವ ರಸ್ತೆಯಾದರೆ ಆ ದಿನದ ಮಟ್ಟಿಗೆ ಬೇರೆ ದಾರಿ ಹಿಡಿಸಬೇಕು. ತುಂಬಿದ ಟ್ಯಾಂಕರ್ ಅಂಚಿನ ಪಕ್ಕ ಹಾದರೆ ಗೋಡೆ ನಡುಗುತ್ತದೆ.

ಕೇಬಲ್, ನೀರಿನ ಪೈಪ್, ಗ್ಯಾಸ್ ಪೈಪ್ ಎಲ್ಲಿವೆ ಅಂತ ಆಯಾ ಕಚೇರಿಯವರನ್ನು ಕೇಳುತ್ತೇನೆ. ಜೊತೆಗೆ ಆ ಬೀದಿಗೆ ನೀರು ಬಿಡುವ ವಾಲ್ವ್‌ಮನ್ ಅಣ್ಣನನ್ನೂ ಕರೆಯುತ್ತೇನೆ. ನಕ್ಷೆಯಲ್ಲಿ ಇಲ್ಲದ್ದು ಅವರ ತಲೆಯಲ್ಲಿರುತ್ತದೆ. ಆಮೇಲೆ ಅಲ್ಲಲ್ಲಿ ಕೈಯಲ್ಲೇ ಅಡ್ಡ ಗುಂಡಿ ತೋಡಿಸಿ ನೋಡುತ್ತೇನೆ. ಕೆಂಪು ಮಣ್ಣಿನ ನಡುವೆ ಮರಳು ಕಂಡರೆ, ಸಾಲಾಗಿ ಇಟ್ಟ ಇಟ್ಟಿಗೆ ಕಂಡರೆ ಹಾರೆ ಕೆಳಗಿಡಬೇಕು. ಕೆಳಗೆ ಕೇಬಲ್ ಇದೆ ಅಂತಲೇ ಲೆಕ್ಕ.

ಬೆಳಿಗ್ಗೆ ಇಳಿಯುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಮಾತಾಡುತ್ತೇನೆ. ರಾಯಚೂರು, ಯಾದಗಿರಿ ಕಡೆಯವರ ಜೊತೆಗೆ ಬಿಹಾರದ ಹುಡುಗರೂ ಇರುತ್ತಾರೆ, ಹಾಗಾಗಿ ಹಿಂದಿಯಲ್ಲೂ ಹೇಳಿಸಬೇಕು. ಭಾಷಣ ಬೇಡ. ಏಣಿ ಎಲ್ಲಿದೆ ಅಂತ ಕೈ ಮಾಡಿ ತೋರಿಸಲು ಹೇಳುತ್ತೇನೆ. ನಿಯಮದ ಪ್ರಕಾರ 30 ಮೀಟರ್‌ಗೆ ಒಂದು ಸಾಕು, ನಾನು ಕೆಲಸ ನಡೆಯುವ ಕಡೆಗೇ ಒಂದು ಸರಿಸುತ್ತಾ ಹೋಗುತ್ತೇನೆ. ಮೇಲೆ ನಿಂತು ಅಂಚನ್ನೇ ನೋಡುತ್ತಿರಲು ಒಬ್ಬರು ಬೇಕು, ಅವರಿಗೆ ಬೇರೆ ಕೆಲಸ ಇಲ್ಲ. ಅಂಚಿಗೆ ಸಮಾನಾಂತರವಾಗಿ ಕೂದಲೆಳೆ ಬಿರುಕು ಕಂಡರೂ "ಮೇಲೆ ಬನ್ನಿ" ಅನ್ನುವ ಅಧಿಕಾರ ಅವರದ್ದು, ನನ್ನನ್ನು ಕೇಳಬೇಕಿಲ್ಲ. ಕುಸಿದರೆ ಯಾರೂ ಹಿಂದೆಯೇ ಹಾರಬಾರದು, ಜೆಸಿಬಿ ಬಕೆಟ್ ಹಾಕಿ ಮಣ್ಣು ಎತ್ತಬಾರದು. ಮೊದಲು 112ಕ್ಕೆ ಫೋನ್. ಇಂಜಿನ್ ಪಂಪನ್ನು ಗುಂಡಿಯೊಳಗೆ ಇಳಿಸುವುದೂ ಬೇಡ, ಅದರ ಹೊಗೆ ಕೆಳಗೇ ನಿಲ್ಲುತ್ತದೆ. ಹಳೆಯ ಮ್ಯಾನ್‌ಹೋಲ್‌ಗೆ ಜೋಡಿಸುವ ಕೆಲಸಕ್ಕೆ ಮನುಷ್ಯನನ್ನು ಒಳಗೆ ಇಳಿಸುವ ಮಾತೇ ಇಲ್ಲ.

ಪೈಪ್ ಹಾಕಿದ ಮೇಲೆ ಹಲಗೆಗಳನ್ನು ಒಟ್ಟಿಗೆ ಕೀಳುವಂತಿಲ್ಲ. ಮಣ್ಣು ತುಂಬುತ್ತಾ ಬಂದ ಹಾಗೆ ಕೆಳಗಿನಿಂದ ಒಂದೊಂದೇ ಸಾಲು ಬಿಚ್ಚಬೇಕು. ಊರಿಗೆ ಹೊರಡುವ ಆತುರ ಇರುವುದು ಆಗಲೇ. ಅದಕ್ಕೆ ಹಲಗೆ ಬಿಚ್ಚುವ ದಿನಕ್ಕೂ ಪೂರ್ತಿ ಕೂಲಿ ಅಂತ ಮೇಸ್ತ್ರಿ ಹತ್ತಿರ ಮೊದಲೇ ಮಾತಾಡಿಕೊಂಡಿರುತ್ತೇನೆ.